ವಿಶೇಷ ಅಗತ್ಯವುಳ್ಳ ಮಗುವಿಗೆ ಶಾಲೆಯಲ್ಲಿ ತುರ್ತು ಸಿದ್ಧತೆ: ಪಾಲಕರಿಗೂ ಶಿಕ್ಷಕರಿಗೂ ಒಂದು ಕೈಪಿಡಿ

ಮಾಕ್ ಡ್ರಿಲ್, ಅಂದರೆ ಬೆಂಕಿಯಂತಹ ತುರ್ತಿನಲ್ಲಿ ಹೊರಹೋಗುವ ತಾಲೀಮು, ನಡೆಯುವ ದಿನ ಗಾಲಿಕುರ್ಚಿಯಲ್ಲಿ ಬರುವ ಮಗುವನ್ನು ‘ನೀನು ಇಲ್ಲೇ ಕೂತಿರು ಪುಟ್ಟಾ, ನಿನಗೆ ತೊಂದರೆಯಾಗುತ್ತದೆ’ ಎಂದು ವರಾಂಡದಲ್ಲಿ ಕೂರಿಸುವುದು, ಸದ್ದಿಗೆ ಬೆದರುವ ಆಟಿಸಂ ಇರುವ ಮಗುವನ್ನು ಆ ದಿನ ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಪಾಲಕರಿಗೆ ಹೇಳಿಕಳಿಸುವುದು ನಮ್ಮ ಶಾಲೆಗಳಲ್ಲಿ ಅಪರೂಪವೇನಲ್ಲ. ಹೀಗೆ ಮಾಡುವವರ ಮನಸ್ಸಿನಲ್ಲಿ ಕಾಳಜಿಯೇ ಇರುತ್ತದೆ. ಆದರೆ ಉಳಿದವರೆಲ್ಲ ಹೊರಹೋಗುವ ದಾರಿಯನ್ನು ಕಲಿಯುವ ಹೊತ್ತಿನಲ್ಲಿ, ಎಲ್ಲರಿಗಿಂತ ಹೆಚ್ಚು ಅಭ್ಯಾಸ ಬೇಕಿದ್ದ ಮಗುವೇ ಏನನ್ನೂ ಕಲಿಯದೆ ಉಳಿಯುತ್ತದೆ. ಆ ಮಗುವನ್ನು ಯಾರು ಎತ್ತಬೇಕು, ಹೇಗೆ ಎತ್ತಬೇಕು, ಯಾವ ಬಾಗಿಲಿನಿಂದ ಒಯ್ಯಬೇಕು ಎಂಬುದು ಶಿಕ್ಷಕರಿಗೂ ತಿಳಿಯದೆ ಉಳಿಯುತ್ತದೆ. ಮೊದಲ ಸಲ ಎತ್ತಿ ನೋಡುವ ದಿನವೇ ಬೆಂಕಿಯ ದಿನವಾಗಬಾರದು. ಮುಂದೆ ಬರೆದಿರುವ ಎಲ್ಲವೂ ಮಗುವನ್ನು ಸಿದ್ಧತೆಯಿಂದ ಹೊರಗಿಡದೆ, ಅದರೊಳಗೇ ಇಟ್ಟುಕೊಂಡು ಮಾಡಬೇಕಾದ ಕೆಲಸಗಳು.

ಇದು ಶಾಲೆ ತೋರಿಸುವ ಔದಾರ್ಯವಲ್ಲ ಎಂಬುದನ್ನು ಪಾಲಕರು ತಿಳಿದಿರಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 8ನೇ ಕಲಂ, ಅಪಾಯ ಮತ್ತು ನೈಸರ್ಗಿಕ ವಿಕೋಪದ ಸಂದರ್ಭಗಳಲ್ಲಿ ವಿಕಲಚೇತನರಿಗೆ ಸಮಾನ ರಕ್ಷಣೆ ದೊರೆಯಬೇಕೆಂದು ಹೇಳುತ್ತದೆ. ಜಿಲ್ಲೆಯಲ್ಲಿರುವ ವಿಕಲಚೇತನರ ವಿವರವನ್ನು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಇಟ್ಟುಕೊಂಡಿರಬೇಕೆಂದೂ ಹೇಳುತ್ತದೆ. ಕಾಯ್ದೆಯ ಪಟ್ಟಿಯಲ್ಲಿರುವ 21 ಬಗೆಯ ನ್ಯೂನತೆಗಳಲ್ಲಿ ಕಣ್ಣಿಗೆ ಕಾಣದ ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ), ಥಲಸ್ಸೇಮಿಯಾ, ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಗಳೂ ಸೇರಿವೆ. ಮಗುವಿಗೆ ಯುಡಿಐಡಿ ಕಾರ್ಡ್ (ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ) ಇನ್ನೂ ಬಂದಿಲ್ಲ, ಅಥವಾ ಟೈಪ್ 1 ಮಧುಮೇಹದಂತಹ ಕಾಯಿಲೆ ಆ ಪಟ್ಟಿಯಲ್ಲಿ ಇಲ್ಲ ಎಂಬ ಕಾರಣಕ್ಕೆ ಶಾಲೆಯ ಸಿದ್ಧತೆ ನಿಲ್ಲಬೇಕಾಗಿಲ್ಲ.

ಮೊದಲು ಮಾತುಕತೆ, ಆಮೇಲೆ ಕಾಗದ

ಶಾಲೆ ಪ್ರಾರಂಭವಾದ ಮೊದಲ ಎರಡು ವಾರಗಳಲ್ಲಿ, ಪಾಠಗಳು ಪೂರ್ಣ ವೇಗ ಪಡೆಯುವ ಮೊದಲೇ, ಪಾಲಕರು, ಮುಖ್ಯ ಶಿಕ್ಷಕರು, ತರಗತಿ ಶಿಕ್ಷಕರು ಒಟ್ಟಿಗೆ ಕೂತು ಅರ್ಧ ಗಂಟೆ ಮಾತನಾಡಬೇಕು. ಸರ್ಕಾರಿ ಶಾಲೆಯಾದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು, ಅಂದರೆ ಬಿ.ಐ.ಇ.ಆರ್.ಟಿ.ಯವರನ್ನು, ಈ ಸಭೆಗೆ ಕರೆಯಿರಿ. ಬಿಸಿಯೂಟದ ಅಡುಗೆಯವರಲ್ಲಿ ಒಬ್ಬರನ್ನಾದರೂ ಕೂರಿಸಿಕೊಳ್ಳಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಶಿಕ್ಷಕರು ತರಬೇತಿಗೆ, ಗಣತಿಗೆ, ಚುನಾವಣೆಯ ಕೆಲಸಕ್ಕೆ ಹೋಗುತ್ತಿರುತ್ತಾರೆ, ಅಡುಗೆಯಮ್ಮ ಮಾತ್ರ ದಿನವೂ ಶಾಲೆಯಲ್ಲಿರುತ್ತಾರೆ, ಮಗು ಏನು ತಿಂದಿತು, ಎಷ್ಟು ಬಿಟ್ಟಿತು ಎಂಬುದನ್ನು ಎಲ್ಲರಿಗಿಂತ ಮೊದಲು ಕಾಣುವವರೂ ಅವರೇ. ಮಗುವೂ ಆ ಸಭೆಯಲ್ಲಿ ಇರಲಿ. ಎಂಟು ವರ್ಷದ ಮಗುವಿಗೂ ತನ್ನನ್ನು ಹೇಗೆ ಎತ್ತಿದರೆ ನೋವಾಗುತ್ತದೆ, ಯಾವ ಅಕ್ಕನ ಹತ್ತಿರ ಧೈರ್ಯ ಎಂಬುದು ಗೊತ್ತಿರುತ್ತದೆ. ಅದನ್ನು ಕೇಳದೆ ಬರೆದ ಯೋಜನೆ ಅರೆಬರೆಯೇ.

ಆ ಮಾತುಕತೆಯಿಂದ ಹುಟ್ಟುವುದು ಒಂದೇ ಒಂದು ಹಾಳೆ. ವೈದ್ಯಕೀಯ ಕಡತದ ನಲವತ್ತು ಪುಟಗಳನ್ನು ತುರ್ತು ಹೊತ್ತಿನಲ್ಲಿ ಯಾರೂ ತಿರುವಿ ಹಾಕುವುದಿಲ್ಲ. ನಾಲ್ಕನೇ ತರಗತಿಯಲ್ಲಿ ಓದುವ, ಸೆರೆಬ್ರಲ್ ಪಾಲ್ಸಿ (ಮೆದುಳಿನ ಹಾನಿಯಿಂದ ಮೈಯ ಚಲನೆ ಕುಂದುವ ಸ್ಥಿತಿ) ಮತ್ತು ಮೂರ್ಛೆರೋಗ ಎರಡೂ ಇರುವ ಒಬ್ಬ ಹುಡುಗಿಯನ್ನು ಊಹಿಸಿಕೊಂಡರೆ, ಅವಳ ಹಾಳೆ ಹೀಗಿರಬಹುದು:

‘ನಾನು ಹೇಳುವುದು ನಿಧಾನ, ಆದರೆ ನೀವು ಹೇಳುವುದೆಲ್ಲ ಅರ್ಥವಾಗುತ್ತದೆ. ಹೌದು ಎನ್ನಲು ಕಣ್ಣನ್ನು ಮೇಲಕ್ಕೆ ಎತ್ತುತ್ತೇನೆ. ನೋವಾದರೆ ಎಡಗೈ ಬೆರಳು ಕಚ್ಚಿಕೊಳ್ಳುತ್ತೇನೆ. ಫಿಟ್ಸ್ ಬರುವ ಮುಂಚೆ ಬಲಗಡೆಗೆ ದಿಟ್ಟಿಸಿ ನೋಡುತ್ತೇನೆ. ಸಾಮಾನ್ಯವಾಗಿ ಎರಡು ನಿಮಿಷದಲ್ಲಿ ನಿಲ್ಲುತ್ತದೆ. ಐದು ನಿಮಿಷ ದಾಟಿದರೆ ನೀಲಿ ಡಬ್ಬಿಯಲ್ಲಿರುವ ಮೂಗಿನ ಔಷಧಿಯನ್ನು ಚೀಟಿಯಲ್ಲಿ ಬರೆದಷ್ಟು ಸಿಂಪಡಿಸಿ, 108ಕ್ಕೆ ಕರೆ ಮಾಡಿ. ನೀರು ಕುಡಿಸುವಾಗ ನನ್ನನ್ನು ನೆಟ್ಟಗೆ ಕೂರಿಸಿ, ಚಮಚದಲ್ಲಿ ಕೊಡಿ. ಎತ್ತುವಾಗ ತೋಳು ಹಿಡಿದು ಎಳೆಯಬೇಡಿ. ಬೆನ್ನ ಹಿಂದೆ ಒಂದು ಕೈ, ಮೊಣಕಾಲ ಕೆಳಗೆ ಒಂದು ಕೈ.’

ಇದರ ಕೆಳಗೆ ತಂದೆ, ತಾಯಿ ಮತ್ತು ಹತ್ತಿರದಲ್ಲೇ ಇರುವ ಇನ್ನೊಬ್ಬರ ದೂರವಾಣಿ ಸಂಖ್ಯೆ, ಚಿಕಿತ್ಸೆ ನೀಡುವ ಆಸ್ಪತ್ರೆ, ರಕ್ತದ ಗುಂಪು, ಒಗ್ಗದ ಔಷಧಿ ಮತ್ತು ಆಹಾರ, ದಿನವೂ ತೆಗೆದುಕೊಳ್ಳುವ ಮಾತ್ರೆಗಳ ಹೆಸರು ಮತ್ತು ಪ್ರಮಾಣ. ಮನೆಮಾತು ತುಳುವೋ ಲಂಬಾಣಿಯೋ ಉರ್ದುವೋ ಆಗಿದ್ದರೆ, ನೋವು, ನೀರು, ಶೌಚ ಎಂಬುದಕ್ಕೆ ಮಗು ಬಳಸುವ ಮಾತನ್ನು ಹಾಗೆಯೇ ಬರೆಯಿರಿ. ಮಲೆನಾಡಿನ ಅನೇಕ ಊರುಗಳಲ್ಲಿ ತೋಟಕ್ಕೆ ಹೋದ ತಂದೆ ತಾಯಿಗೆ ಫೋನ್ ಸಿಗುವುದೇ ಇಲ್ಲವಾದ್ದರಿಂದ, ಮೂರನೆಯ ಸಂಖ್ಯೆ ನೆಟ್‌ವರ್ಕ್ ಇರುವ ಕಡೆ ಕೂರುವವರದ್ದಾಗಿರಲಿ, ಅಂಗಡಿಯವರದ್ದಾದರೂ ಸರಿ, ಅವರ ಒಪ್ಪಿಗೆ ಪಡೆದು ಬರೆಯಿರಿ. ‘ಪಾಲಕರು ಸಿಗದಿದ್ದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಲು ಒಪ್ಪಿಗೆ ಇದೆ’ ಎಂಬ ಒಂದು ಸಾಲು, ಅದರ ಕೆಳಗೆ ಪಾಲಕರ ಸಹಿ ಕಡ್ಡಾಯವಾಗಿ ಇರಬೇಕು. ಎಷ್ಟೋ ಶಿಕ್ಷಕರು ಹಿಂಜರಿದು ನಿಲ್ಲುವುದು ಈ ಒಂದು ಸಹಿ ಇಲ್ಲದ್ದಕ್ಕೆ.

ಹಾಳೆಯ ಒಂದು ಪ್ರತಿ ಹಾಜರಿ ಪುಸ್ತಕದಲ್ಲಿ, ಒಂದು ಮಗುವಿನ ಚೀಲದ ಒಳಜೇಬಿನಲ್ಲಿ, ಒಂದು ಶಾಲಾ ವಾಹನದ ಚಾಲಕರ ಬಳಿ ಇರಲಿ. ಮುಖ್ಯ ಶಿಕ್ಷಕರ ಬೀಗ ಹಾಕಿದ ಬೀರು ಇದಕ್ಕೆ ತಕ್ಕ ಜಾಗವಲ್ಲ. ಗೋಡೆಗೆ ಅಂಟಿಸುವುದೂ ಸಲ್ಲದು; ಮಗುವಿನ ಕಾಯಿಲೆ ಊರೆಲ್ಲ ಓದುವ ಸುದ್ದಿಯಾಗಬಾರದು.

ಫಿಟ್ಸ್ ಬಂದಾಗ

ಶಾಲೆಯಲ್ಲಿ ಎದುರಾಗಬಹುದಾದ ತುರ್ತು ಪರಿಸ್ಥಿತಿಗಳಲ್ಲಿ ತಪ್ಪು ನಂಬಿಕೆಗಳು ಅತಿ ಹೆಚ್ಚು ಅಂಟಿಕೊಂಡಿರುವುದು ಮೂರ್ಛೆಗೆ. ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದು, ಈರುಳ್ಳಿ ಅಥವಾ ಚಪ್ಪಲಿ ಮೂಸಿಸುವುದು, ಹಲ್ಲಿನ ನಡುವೆ ಚಮಚ ತುರುಕುವುದು, ಮುಖಕ್ಕೆ ನೀರು ಎರಚುವುದು ಇವುಗಳಲ್ಲಿ ಒಂದರಿಂದಲೂ ಮೂರ್ಛೆ ನಿಲ್ಲುವುದಿಲ್ಲ. ಬಾಯಿಗೆ ತುರುಕಿದ ವಸ್ತುವಿನಿಂದ ಹಲ್ಲು ಮುರಿದು ಉಸಿರುನಾಳಕ್ಕೆ ಹೋಗುವ ಅಪಾಯವಂತೂ ನಿಜ. ಬಹುಪಾಲು ಮೂರ್ಛೆಗಳು ಕೆಲವೇ ನಿಮಿಷಗಳಲ್ಲಿ ತಾವಾಗಿಯೇ ನಿಲ್ಲುತ್ತವೆ, ಹಾಗೆ ನಿಂತದ್ದು ಬೀಗದ ಕೈಯಿಂದ ಎಂದು ನೋಡಿದವರು ನಂಬುತ್ತಾರೆ.

ಮಾಡಬೇಕಾದದ್ದು ಇಷ್ಟು. ಮೊದಲು ಗಡಿಯಾರ ನೋಡಿ ಸಮಯ ಗುರುತಿಸಿಕೊಳ್ಳಿ. ಸುತ್ತಲಿನ ಬೆಂಚು, ಕಲ್ಲು, ಜಾಮಿಟ್ರಿ ಪೆಟ್ಟಿಗೆಯಂತಹ ವಸ್ತುಗಳನ್ನು ಸರಿಸಿ, ತಲೆಯ ಕೆಳಗೆ ಮಡಿಸಿದ ಬಟ್ಟೆ ಇಡಿ. ಕೊರಳಿನ ಟೈ, ಗುಂಡಿ ಸಡಿಲಿಸಿ, ಸಾಧ್ಯವಾದಷ್ಟು ಬೇಗ ಮಗುವನ್ನು ಒಂದು ಮಗ್ಗುಲಿಗೆ ಹೊರಳಿಸಿ, ಜೊಲ್ಲು ಹೊರಗೆ ಹರಿಯಲಿ. ಕೈಕಾಲುಗಳನ್ನು ಅದುಮಿ ಹಿಡಿಯಬೇಡಿ. ಪೂರ್ತಿ ಎಚ್ಚರವಾಗುವವರೆಗೆ ನೀರನ್ನೂ ಕೊಡಬೇಡಿ. ಮೂರ್ಛೆ 5 ನಿಮಿಷ ದಾಟಿದರೆ, ಎಚ್ಚರವಾಗುವ ಮೊದಲೇ ಇನ್ನೊಂದು ಬಂದರೆ, ಉಸಿರಾಟ ಕಷ್ಟವಾದರೆ, ಪೆಟ್ಟಾಗಿದ್ದರೆ, ಅಥವಾ ಆ ಮಗುವಿಗೆ ಇದು ಜೀವನದ ಮೊದಲ ಮೂರ್ಛೆಯಾಗಿದ್ದರೆ 108ಕ್ಕೆ ಕರೆ ಮಾಡಿ. ಉಳಿದ ಮಕ್ಕಳನ್ನು ಒಬ್ಬ ಶಿಕ್ಷಕರು ಪಕ್ಕದ ಕೋಣೆಗೆ ಕರೆದೊಯ್ಯಲಿ. ಬಟ್ಟೆ ಒದ್ದೆಯಾಗಿದ್ದರೆ ಮಗು ಎಚ್ಚರವಾಗುವಷ್ಟರಲ್ಲಿ ಮೇಲೊಂದು ಟವೆಲ್ ಹೊದಿಸಿರಿ. ಎದ್ದ ಮೇಲೆ ಮಗುವಿಗೆ ನಿದ್ದೆ ಬರುವುದು ಸಹಜ, ಮಲಗಲು ಬಿಡಿ, ಒಂಟಿಯಾಗಿ ಬಿಡಬೇಡಿ.

ಎಲ್ಲ ಮೂರ್ಛೆಯೂ ಬಿದ್ದು ಒದ್ದಾಡುವ ಬಗೆಯದಲ್ಲ. ಪಾಠದ ನಡುವೆ ಹತ್ತಿಪ್ಪತ್ತು ಸೆಕೆಂಡು ಶೂನ್ಯದತ್ತ ನೋಡಿ, ಕರೆದರೂ ತಿರುಗದೆ, ಮತ್ತೆ ಏನೂ ಆಗದವರಂತೆ ಬರೆಯತೊಡಗುವ ಮಗುವಿಗೆ ಗಮನವಿಲ್ಲವೆಂದು ಬೈಯುವ ಮುನ್ನ ಪಾಲಕರಿಗೆ ತಿಳಿಸಿ. ಮೂರ್ಛೆ ಹತೋಟಿಯಲ್ಲಿದ್ದ ಮಗುವಿಗೆ ಏಕಾಏಕಿ ಅದು ಮರಳುವುದಕ್ಕೆ ಮಾತ್ರೆ ತಪ್ಪಿದ್ದು ಒಂದು ಸಾಮಾನ್ಯ ಕಾರಣ. ಜಾತ್ರೆ, ಮದುವೆ, ಪ್ರವಾಸ ಮುಗಿಸಿ ಬಂದ ಮರುದಿನ ಬೆಳಗ್ಗೆ ‘ಮಾತ್ರೆ ಆಯಿತೇ?’ ಎಂದು ಮೆಲ್ಲಗೆ ಕೇಳುವ ಶಿಕ್ಷಕರು ದೊಡ್ಡ ಉಪಕಾರ ಮಾಡಿದಂತೆ.

ಬೇರೆ ಬೇರೆ ಕಾಯಿಲೆ, ಬೇರೆ ಬೇರೆ ಎಚ್ಚರ

ಟೈಪ್ 1 ಮಧುಮೇಹವಿರುವ ಮಗು ಬೆವರಿ, ನಡುಗಿ, ಸಿಡಿಮಿಡಿಗೊಂಡರೆ ಸಕ್ಕರೆ ಕುಸಿದಿರಬಹುದು. ಗ್ಲುಕೋಮೀಟರ್ 70ಕ್ಕಿಂತ ಕಡಿಮೆ ತೋರಿಸಿದರೆ, ಅಥವಾ ಅಳೆಯುವ ಸಾಧನವೇ ಹತ್ತಿರವಿಲ್ಲದಿದ್ದರೂ, ಮೂರು ಟೀ ಚಮಚ ಸಕ್ಕರೆಯನ್ನೋ ಗ್ಲೂಕೋಸ್ ಪುಡಿಯನ್ನೋ ಕೂಡಲೇ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಮಗುವಿಗೆ ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕದೆ, ಮಗ್ಗುಲಿಗೆ ಮಲಗಿಸಿ 108 ಕರೆಯಬೇಕು. ಸಕ್ಕರೆ ಕುಸಿದ ಮಗುವನ್ನು ‘ಆಫೀಸಿಗೆ ಹೋಗಿ ಸಕ್ಕರೆ ತಿನ್ನು’ ಎಂದು ಒಬ್ಬರನ್ನೇ ಕಳಿಸಬೇಡಿ, ಸಕ್ಕರೆಯೇ ಮಗುವಿನ ಬಳಿಗೆ ಬರಲಿ. ಪರೀಕ್ಷೆಯ ಮೇಜಿನ ಮೇಲೂ ಅದು ಇರಲಿ.

ಹಿಮೋಫಿಲಿಯಾ ಇರುವ ಹುಡುಗ ಆಟದಲ್ಲಿ ತಲೆಗೆ ಪೆಟ್ಟು ಮಾಡಿಕೊಂಡರೆ, ರಕ್ತ ಕಾಣದಿದ್ದರೂ ಅದು ಆಸ್ಪತ್ರೆಯ ವಿಷಯ. ಮಂಡಿ ಊದಿದರೆ ಆಟ ನಿಲ್ಲಿಸಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಟ್ಟು, ಪಾಲಕರಿಗೆ ತಿಳಿಸಿ. ನೋವಿಗೆಂದು ಆಸ್ಪಿರಿನ್ ಅಥವಾ ಐಬುಪ್ರೊಫೇನ್ ಕೊಡಬಾರದು. ಮೈಸೂರು, ಚಾಮರಾಜನಗರದ ಕಾಡಂಚಿನ ಶಾಲೆಗಳ ಶಿಕ್ಷಕರು ಸಿಕಲ್ ಸೆಲ್ ಕಾಯಿಲೆಯನ್ನು ಅರಿತಿರುವುದು ಅಗತ್ಯ. ಅಲ್ಲಿನ ಆದಿವಾಸಿ ಸಮುದಾಯಗಳಲ್ಲಿ ಅದು ಕಂಡುಬರುತ್ತದೆ. ಆ ಮಕ್ಕಳಿಗೆ ಬಾಯಾರಿಕೆ, ಚಳಿ, ಅತಿಯಾದ ಓಟ ಇವು ಮೂಳೆಯ ಅಸಹನೀಯ ನೋವನ್ನು ತರಬಹುದು. ಪಾಠದ ನಡುವೆ ನೀರು ಕುಡಿಯಲು, ಶೌಚಕ್ಕೆ ಹೋಗಲು ಅನುಮತಿ ಕೇಳಿಸಬೇಡಿ. ಜ್ವರ ಬಂದರೆ ಸಂಜೆಯವರೆಗೆ ಕಾಯಬೇಡಿ.

ತಲೆಯಲ್ಲಿ ನೀರು ತುಂಬಿದ್ದಕ್ಕೆ ಷಂಟ್, ಅಂದರೆ ಆ ನೀರನ್ನು ಹರಿಸುವ ನಳಿಕೆ, ಹಾಕಿಸಿಕೊಂಡ ಮಗು ತಲೆನೋವೆಂದು ವಾಂತಿ ಮಾಡಿ ತೂಕಡಿಸಿದರೆ, ಅದು ಪಿತ್ತವೆಂದು ತಳ್ಳಿಹಾಕದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ, ಷಂಟ್ ಕಟ್ಟಿಕೊಂಡಿರಬಹುದು. ಸ್ಪೈನಾ ಬೈಫಿಡಾ (ಹುಟ್ಟಿನಿಂದಲೇ ಬೆನ್ನುಮೂಳೆ ಪೂರ್ತಿ ಮುಚ್ಚಿಕೊಳ್ಳದ ಸ್ಥಿತಿ) ಇರುವ ಕೆಲವು ಮಕ್ಕಳಿಗೆ ಲೇಟೆಕ್ಸ್ ಎಂಬ ರಬ್ಬರ್ ಒಗ್ಗುವುದಿಲ್ಲವಾದ್ದರಿಂದ ಶಾಲಾ ವಾರ್ಷಿಕೋತ್ಸವದ ಬಲೂನು, ಪ್ರಥಮ ಚಿಕಿತ್ಸೆಯ ರಬ್ಬರ್ ಕೈಗವಸು ಎರಡರ ಬಗೆಗೂ ಪಾಲಕರನ್ನು ಕೇಳಿ. ಮೂರು ನಾಲ್ಕು ಗಂಟೆಗೊಮ್ಮೆ ನಳಿಕೆಯಿಂದ ಮೂತ್ರ ತೆಗೆಯಬೇಕಾದ ಮಗುವಿಗೆ ಚಿಲಕವಿರುವ, ನೀರು ಮತ್ತು ಸಾಬೂನು ಇರುವ ಶೌಚಾಲಯವೇ ಔಷಧಿಯಷ್ಟು ಮುಖ್ಯ. ಅದಿಲ್ಲದಿದ್ದರೆ ಮಗು ನೀರು ಕುಡಿಯುವುದನ್ನೇ ಬಿಟ್ಟು ಸೋಂಕು ತಂದುಕೊಳ್ಳುತ್ತದೆ.

ಶಾಲೆಯಲ್ಲೇ ಕೊಡುವ ಮಾತ್ರೆಗಳ ಬಗ್ಗೆ ಒಂದು ಮಾತನ್ನು ಬಿಡುವಂತಿಲ್ಲ. ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆ ಬಹುತೇಕ ಮಕ್ಕಳಿಗೆ ಒಳ್ಳೆಯದೇ. ಆದರೆ ಪದೇ ಪದೇ ರಕ್ತ ಹಾಕಿಸಿಕೊಳ್ಳುವ ಥಲಸ್ಸೇಮಿಯಾ ಮಗುವಿನ ದೇಹದಲ್ಲಿ ಕಬ್ಬಿಣ ಈಗಾಗಲೇ ಮಿತಿಮೀರಿ ಸೇರಿರುತ್ತದೆ. ಸಾಲಿನಲ್ಲಿ ನಿಲ್ಲಿಸಿ ಎಲ್ಲರಿಗೂ ಕೊಟ್ಟಂತೆ ಅದಕ್ಕೂ ಕೊಡಬಾರದು, ವೈದ್ಯರ ಮಾತು ಲಿಖಿತವಾಗಿ ಬರಲಿ. ಜಂತುಹುಳುವಿನ ಮಾತ್ರೆ ಕೊಡುವ ದಿನ, ನುಂಗಲು ಕಷ್ಟಪಡುವ ಮಗುವಿಗೆ ಇಡೀ ಮಾತ್ರೆ ಬಾಯಿಗೆ ಹಾಕದೆ ಪುಡಿಮಾಡಿ ನೀರಿನಲ್ಲಿ ಕಲಸಿ, ನೆಟ್ಟಗೆ ಕೂರಿಸಿ ಕೊಡಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೊಮ್ಮೆ ಶಾಲೆಗೆ ಬರುತ್ತದೆ. ಆ ದಿನ ಈ ಹಾಳೆಗಳನ್ನೆಲ್ಲ ಅವರ ಮುಂದಿಟ್ಟು ತಿದ್ದಿಸಿಕೊಳ್ಳಿ. ಖರ್ಚಿಲ್ಲದೆ ಸಿಗುವ ಇಂತಹ ಸಲಹೆಯನ್ನು ಬಹಳಷ್ಟು ಶಾಲೆಗಳು ಕೇಳುವುದೇ ಇಲ್ಲ.

ಔಷಧಿಯ ಡಬ್ಬಿಯ ಮೇಲೆ ಮಗುವಿನ ಹೆಸರು, ಪ್ರಮಾಣ, ಅವಧಿ ಮುಗಿಯುವ ತಿಂಗಳು ಬರೆದಿರಲಿ. ಇನ್ಸುಲಿನ್ ಬಿಸಿಲಿಗೆ ಕೆಡುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಫ್ರಿಜ್ ಇಲ್ಲದ ಶಾಲೆಯವರು ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ, ನೆರಳಿನಲ್ಲಿ ಅದರೊಳಗೆ ಇನ್ಸುಲಿನ್ ಇಡಬಹುದು.

ಹೊರಗೆ ಒಯ್ಯುವುದು

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯಲ್ಲಿ ಅಡುಗೆಮನೆಯಿಂದ ಹಬ್ಬಿದ ಬೆಂಕಿ 94 ಮಕ್ಕಳನ್ನು ಬಲಿ ತೆಗೆದುಕೊಂಡಿತು. ಓಡಬಲ್ಲ ಮಕ್ಕಳಿಗೇ ದಾರಿ ಸಿಗದ ದುರಂತ ಅದು. ಹೀಗಾಗಿ ಕೋಣೆ ಹಂಚುವಾಗಲೇ ನಡೆಯಲಾರದ ಮಗುವಿನ ತರಗತಿ ನೆಲಮಹಡಿಯಲ್ಲಿ, ಅಡುಗೆಮನೆಯಿಂದ ದೂರ, ಸಾಧ್ಯವಾದರೆ ಎರಡು ಬಾಗಿಲಿರುವ ಕಡೆ ಇರಲಿ. ಏಳನೇ ತರಗತಿ ಮೇಲ್ಮಹಡಿಯಲ್ಲಿದೆ ಎಂದು ಮಗುವನ್ನು ಹೊತ್ತು ಹತ್ತಿಸುವುದಕ್ಕಿಂತ, ಆ ತರಗತಿಯನ್ನೇ ಕೆಳಕ್ಕೆ ಇಳಿಸುವುದು ಸುಲಭ. ಇಳಿಜಾರಿನ ರ‍್ಯಾಂಪ್ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದವಿರಬೇಕು. ಅದರ ತುದಿಯಲ್ಲಿ ಬೈಕ್ ನಿಲ್ಲಿಸುವ ಅಭ್ಯಾಸವನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲೇ ನಿಲ್ಲಿಸಿ.

ಪ್ರತಿ ಮಗುವಿಗೆ ಇಬ್ಬರು ದೊಡ್ಡವರು, ಅವರಲ್ಲೊಬ್ಬರು ರಜೆಯಾದರೆ ಮೂರನೆಯವರು, ಹೆಸರು ಹಿಡಿದು ಗೊತ್ತಾಗಿರಬೇಕು. ‘ಯಾರಾದರೂ ಕರೆದುಕೊಂಡು ಬನ್ನಿ’ ಎಂದರೆ ಯಾರೂ ಹೋಗುವುದಿಲ್ಲ. ಸಹಪಾಠಿಯನ್ನು ಜೊತೆಗಾರನನ್ನಾಗಿ ಮಾಡುವುದು ಒಳ್ಳೆಯದು, ಆದರೆ ಅವನ ಕೆಲಸ ಜೊತೆಗಿದ್ದು ದೊಡ್ಡವರನ್ನು ಕೂಗುವುದು ಮಾತ್ರ; ಎತ್ತುವ ಹೊಣೆ ಮಕ್ಕಳ ಮೇಲೆ ಬೀಳಬಾರದು.

ಮೆಟ್ಟಿಲಿದ್ದರೆ ಗಟ್ಟಿಯಾದ ಮರದ ಕುರ್ಚಿಯಲ್ಲಿ ಮಗುವನ್ನು ಕೂರಿಸಿ, ದುಪಟ್ಟಾದಿಂದ ಸೊಂಟಕ್ಕೆ ಕಟ್ಟಿ, ಒಬ್ಬರು ಬೆನ್ನಿನ ಭಾಗವನ್ನೂ ಇನ್ನೊಬ್ಬರು ಮುಂಗಾಲುಗಳನ್ನೂ ಹಿಡಿದು, ಕುರ್ಚಿಯನ್ನು ತುಸು ಹಿಂದಕ್ಕೆ ವಾಲಿಸಿ, ಮಗು ಇಳಿಯುವ ದಿಕ್ಕಿಗೆ ಮುಖ ಮಾಡಿರುವಂತೆ ಇಳಿಸಬಹುದು. ಬ್ಯಾಟರಿಯ ಗಾಲಿಕುರ್ಚಿ ಬಹಳ ಭಾರ, ಅದನ್ನು ಬಿಟ್ಟು ಮಗುವನ್ನು ಒಯ್ಯಿರಿ. ಸ್ನಾಯುಕ್ಷಯವಿರುವ ಮಗುವಿನ ಕಂಕುಳಿಗೆ ಕೈ ಹಾಕಿ ಎತ್ತಿದರೆ ಭುಜದಲ್ಲಿ ಬಲವಿಲ್ಲದ ಕಾರಣ ಅದು ಜಾರಿಬೀಳುತ್ತದೆ. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳ ಕತ್ತಿನ ಕೀಲು ಸಡಿಲವಿರುತ್ತದೆ, ತಲೆ ಹಿಂದಕ್ಕೆ ವಾಲದಂತೆ ಆಧಾರ ಕೊಡಿ. ಅಂಧ ಮಗುವಿನ ಕೋಲನ್ನು ಹಿಡಿದು ಎಳೆಯಬೇಡಿ. ನಿಮ್ಮ ಮೊಣಕೈಯನ್ನು ಅದರ ಕೈಗೆ ಕೊಟ್ಟು, ‘ಮೂರು ಮೆಟ್ಟಿಲು ಇಳಿಯಬೇಕು’ ಎಂದು ಮೊದಲೇ ಹೇಳುತ್ತ ಅರ್ಧ ಹೆಜ್ಜೆ ಮುಂದೆ ನಡೆಯಿರಿ. ಕಿವಿ ಕೇಳದ ಮಗುವಿಗೆ ಗಂಟೆ ಬಾರಿಸಿದ್ದು ತಿಳಿಯುವುದಿಲ್ಲ: ದೀಪವನ್ನು ಆರಿಸಿ ಹಚ್ಚುವುದು, ಕೆಂಪು ಬಾವುಟ ತೋರಿಸುವುದು, ಭುಜ ತಟ್ಟಿ ‘ಬೆಂಕಿ’, ‘ಹೊರಗೆ’ ಎಂಬ ಸನ್ನೆ ಮಾಡುವುದು ಇಡೀ ತರಗತಿಗೆ ಬರಬೇಕು. ಶೌಚಾಲಯದಲ್ಲಿ ಒಂಟಿಯಾಗಿರಬಹುದಾದ ಅದೇ ಮಗುವನ್ನು ಹುಡುಕಿ ಬರುವ ಕೆಲಸ ಒಬ್ಬರಿಗೆ ಗೊತ್ತುಪಡಿಸಿರಲಿ.

ತಾಲೀಮನ್ನು ಮೆಟ್ಟಿಲು ಮೆಟ್ಟಿಲಾಗಿ ಮಾಡಿ. ಆಟಿಸಂ ಇರುವ ಮಗುವಿಗೆ ಮೊದಲು ನಿಮ್ಮದೇ ಶಾಲೆಯ ಚಿತ್ರಗಳಿಂದ ನಾಲ್ಕು ಪುಟದ ಕಥೆ ಮಾಡಿ ಓದಿಸಿ: ಗಂಟೆ ಜೋರಾಗಿ ಬಡಿಯುತ್ತದೆ, ನಾನು ಕಿವಿ ಮುಚ್ಚಿಕೊಳ್ಳಬಹುದು, ಟೀಚರ್ ಕೈ ಹಿಡಿಯುತ್ತೇನೆ, ಬೇವಿನ ಮರದ ಕೆಳಗೆ ನಿಲ್ಲುತ್ತೇನೆ. ಆಮೇಲೆ ಸದ್ದಿಲ್ಲದೆ ಮರದವರೆಗೆ ನಡೆಯಿರಿ, ಮುಂದಿನ ವಾರ ಮೆಲ್ಲಗೆ ಗಂಟೆ ಬಾರಿಸಿ, ಕೊನೆಗೆ ಎಲ್ಲರೊಡನೆ. ಮೊದಲ ಸಲ ಅತ್ತರೆ, ಅಡಗಿ ಕೂತರೆ, ಹಾಳೆಯಲ್ಲಿ ಬರೆದುಕೊಳ್ಳಿ. ಅಡಗುವ ಜಾಗ ಯಾವುದೆಂದು ತಿಳಿದದ್ದೇ ಆ ದಿನದ ಲಾಭ.

2023ರ ಡಿಸೆಂಬರ್ 1ರಂದು ಬೆಂಗಳೂರಿನ ಹತ್ತಾರು ಶಾಲೆಗಳಿಗೆ ಹುಸಿ ಬಾಂಬ್ ಬೆದರಿಕೆಯ ಇಮೇಲ್ ಬಂದಾಗ ಪಾಲಕರು ಆತಂಕದಿಂದ ಶಾಲೆಗಳತ್ತ ಧಾವಿಸಿದ್ದರು. ಮಾತು ಬಾರದ ಮಗುವನ್ನು ಅಂತಹ ಗದ್ದಲದಲ್ಲಿ ಯಾರ ಕೈಗೆ ಒಪ್ಪಿಸಬೇಕು ಎಂಬುದನ್ನೂ ಹಾಳೆಯಲ್ಲಿ, ಭಾವಚಿತ್ರದೊಡನೆ, ಬರೆದಿಡಿ.

ಮಗುವಿಗೆ ಕಲಿಸಬೇಕಾದದ್ದು

ಎತ್ತುವ, ಬಟ್ಟೆ ಬದಲಿಸುವ, ಶೌಚಕ್ಕೆ ನೆರವಾಗುವ ಕೈಗಳು ಯಾರವು ಎಂಬುದು ಮಗುವಿಗೆ ಹೆಸರು ಸಮೇತ ಗೊತ್ತಿರಬೇಕು, ಉಳಿದವರಿಗೆ ‘ಬೇಡ’ ಎನ್ನಲು ಮಾತಿನಿಂದಲೋ ಸನ್ನೆಯಿಂದಲೋ ಬರಬೇಕು. ದಿನವೂ ಬೇರೆಯವರ ಕೈಯಲ್ಲಿ ಎತ್ತಿಸಿಕೊಳ್ಳುವ ಮಗುವಿಗೆ ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶದ ಪಾಠ ಇನ್ನಷ್ಟು ಬಿಡಿಸಿ ಹೇಳಬೇಕಾಗುತ್ತದೆ. ಮಕ್ಕಳ ಸಹಾಯವಾಣಿ 1098 ಅದಕ್ಕೂ ತಿಳಿದಿರಲಿ. ಮಾತನಾಡಲಾಗದ ಮಗುವಿನ ಕೊರಳ ಕಾರ್ಡಿನ ಹಿಂಬದಿಯಲ್ಲಿ ನೋವು, ನೀರು, ಶೌಚ, ಭಯ, ಅಮ್ಮ ಎಂಬ ಐದು ಚಿತ್ರಗಳಿರಲಿ. ತನ್ನ ಕಾಯಿಲೆಯ ಹೆಸರು, ತನ್ನ ಔಷಧಿಯ ಡಬ್ಬಿ, ಅಮ್ಮನ ಫೋನ್ ಸಂಖ್ಯೆ ಇವನ್ನು ಹತ್ತು ವರ್ಷದೊಳಗೆ ಮಗು ತಾನೇ ತೋರಿಸುವಂತಾಗಲಿ.

ಮಳೆಗಾಲಕ್ಕೆ ಬೇರೆಯೇ ಸಿದ್ಧತೆ ಬೇಕು. 2018ರ ಕೊಡಗಿನ ಭೂಕುಸಿತ, 2019ರ ಬೆಳಗಾವಿಯ ಪ್ರವಾಹದ ನಂತರ ನಮ್ಮಲ್ಲಿ ಶಾಲೆಗಳೇ ಎಷ್ಟೋ ಸಲ ಪರಿಹಾರ ಕೇಂದ್ರಗಳಾಗುತ್ತವೆ. ಮಗುವಿನ ಏಳು ದಿನದ ಔಷಧಿ, ಶ್ರವಣ ಸಾಧನದ ಬ್ಯಾಟರಿ, ಯುಡಿಐಡಿ ಕಾರ್ಡಿನ ಪ್ರತಿ, ಈ ಹಾಳೆ, ಎಲ್ಲವೂ ನೀರು ಹೋಗದ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಮನೆಯ ಬಾಗಿಲ ಹಿಂದೆ ತೂಗುತ್ತಿರಲಿ. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಬಳಿ ಮಗುವಿನ ಹೆಸರು ಬರೆಸಿ, ತೆರವು ಮಾಡಿಸುವಾಗ ವಾಹನ ಮೊದಲು ಈ ಮನೆಗೆ ಬರಬೇಕೆಂದು ಹೇಳಿಡಿ.

ಔಷಧಿ ಬದಲಾದಾಗ, ಶಸ್ತ್ರಚಿಕಿತ್ಸೆಯಾದಾಗ, ಮಗು ಬೆಳೆದು ಭಾರವಾದಾಗ ಹಾಳೆಯನ್ನು ತಿದ್ದಿ ಹಳೆಯ ಪ್ರತಿಗಳನ್ನು ಹರಿದುಹಾಕಿ. ಮಗು ಬೇರೆ ಶಾಲೆಗೆ ಹೋಗುವಾಗ ವರ್ಗಾವಣೆ ಪತ್ರದ ಜೊತೆಗೆ ಈ ಹಾಳೆಯನ್ನೂ ಪಾಲಕರ ಕೈಗೆ ಕೊಡಿ. ಹೈಸ್ಕೂಲಿನ ತರಗತಿ ಶಿಕ್ಷಕರನ್ನು ಪಾಠ ಆರಂಭವಾಗುವ ಮೊದಲೇ ಒಮ್ಮೆ ಭೇಟಿ ಮಾಡಿ, ಎತ್ತುವ ಬಗೆಯನ್ನು ಮಗುವಿನ ಎದುರಿಗೇ ಮಾಡಿ ತೋರಿಸಿ, ಅವರಿಂದಲೂ ಒಮ್ಮೆ ಮಾಡಿಸಿ.